ಕೆಂಪು ಗೋಡೆಗೆ ಬಿಳಿ ಎಳೆ

ಆವತ್ತು ಬೆಳಗ್ಗೆ ಹುಣಸೇಸರದ ಮೇಲೆ ಮಂಜು ಬಿದ್ದಿದ್ದ ಚಂದ ನೋಡಿದರೆ, ಭಗವಂತ ಊರಿಗೆ ಬಿಳಿ ಕಂಬಳಿ ಹೊದಿಸಿ, ಚಳಿ ತಡೆಯಲಾರದೆ ತಾನೂ ಅದರೊಳಗೇ ತೂರಿಕೊಂಡು ಮಲಗಿಬಿಟ್ಟಿದ್ದಾನೆ ಅನ್ನಬೇಕು. ಮಾಘ ಮಾಸ. ಅಂಗಳದ ತುಳಸಿಕಟ್ಟೆ ಕಾಣುತ್ತಿತ್ತು. ಅದರಾಚೆಯ ಬೇಲಿಯ ದಣಪೆ, ದಣಪೆಯಾಚೆಯ ಗದ್ದೆ, ಗದ್ದೆಯಾಚೆಯ ಆನಂದಪುರದ ರಸ್ತೆ, ಒಂದೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎತ್ತು ಉಸಿರು ಬಿಟ್ಟರೂ ಹೊಗೆ, ಜಗಲಿಯ ಮೇಲೆ ಜಟ್ಟಪ್ಪ ಆಕಳಿಸಿದರೂ ಹೊಗೆ.

ಜಟ್ಟಪ್ಪನ ಹೆಂಡತಿ ದುಗ್ಗಮ್ಮನಿಗೆ ಇಂಥ ಚಳಿ ಎಂದರೆ ಬಲು ಪ್ರೀತಿ. ಯಾಕೆಂದರೆ ಇಂಥ ಬೆಳಗಿನಲ್ಲಿ ಊರಿನ ಎಲ್ಲರ ಮೂಗೂ ಕೆಂಪಾಗಿರುತ್ತಿತ್ತು. ಪಟೇಲರದೂ ಕೆಂಪು, ಪೂಜೆ ಭಟ್ಟರದೂ ಕೆಂಪು. ಹಾಲು ಕೊಡಲು ಹೋಗುವಾಗ ಎದುರು ಸಿಕ್ಕವರ ಮೂಗನ್ನೆಲ್ಲ ಕಣ್ತುಂಬ ನೋಡಿ ಅವಳು ಸಮಾಧಾನ ಪಡುತ್ತಿದ್ದಳು. ಬಿಸಿಲೇರಿ ಎಲ್ಲರ ಮೂಗೂ ಅವರವರ ಬಣ್ಣಕ್ಕೆ ತಿರುಗಿದ ಮೇಲೆ ಉಳಿಯುವುದು ದುಗ್ಗಮ್ಮನದೊಂದೇ.

ಆ ಕೆಂಪು ಹುಟ್ಟಿನಿಂದ ಬಂದದ್ದಲ್ಲ. ನಲವತ್ತು ದಾಟಿದ ಮೇಲೆ ಯಾವುದೋ ಬೇಸಿಗೆಯಲ್ಲಿ ಎರಡು ಕೆನ್ನೆಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಶುರುವಾಗಿ, ಮೂಗಿನ ಮೇಲೆ ಹತ್ತಿ, ಅಲ್ಲೇ ಬಿಡಾರ ಹೂಡಿತು. ಜೊತೆಗೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಒಲೆ ಮುಂದೆ ಕೂತರೆ ಉರಿ, ಬಿಸಿಲಿಗೆ ಹೋದರೆ ಉರಿ, ಮನಸ್ಸಿಗೆ ಸ್ವಲ್ಪ ಗಾಬರಿಯಾದರೂ ಉರಿ. ಆದರೆ ಉರಿಗಿಂತ ಹೆಚ್ಚಿನ ಕಾಟ ನೋಡುವವರ ಕಣ್ಣಿನದು.

ನೋಡುವವರಲ್ಲಿ ಎರಡು ಪಂಗಡ. ಒಂದು ಪಂಗಡದವರಿಗೆ ದುಗ್ಗಮ್ಮ ಸದಾ ಸಿಟ್ಟಿನಲ್ಲಿರುವಂತೆ ಕಾಣುತ್ತಿದ್ದಳು. ಅವಳ ಗಂಟಲೂ ದೊಡ್ಡದು. "ಬನ್ನಿ, ಕೂತ್ಕಳಿ, ಆಸ್ರಿಗೆ ಕುಡಿಯಾಕೆ ಎಂತ ಬೇಕು?" ಎಂದು ಆ ಮುಖದಲ್ಲಿ ಆ ದನಿಯಲ್ಲಿ ಕೇಳಿದರೆ, ಬಂದವರು ಏನೂ ಬೇಡವೆಂದು ಎದ್ದು ನಿಲ್ಲುತ್ತಿದ್ದರು. ಇನ್ನೊಂದು ಪಂಗಡದವರು ಸಿಟ್ಟನ್ನು ನಂಬುತ್ತಿರಲಿಲ್ಲ. ಸರ್ಕಾರ ಹೆಂಡ ಸಾರಾಯಿ ನಿಲ್ಲಿಸಿದ್ದ ಕಾಲ ಅದು. ಊರೆಲ್ಲ ಗಂಟಲು ಒಣಗಿಸಿಕೊಂಡು ಕೂತಿರುವಾಗ ಈ ಹೆಂಗಸಿನ ಮೂಗು ಮಾತ್ರ ದಿನಾ ಹಣ್ಣಾಗಿರುವುದು ಹೇಗೆ? ಈ ಪಂಗಡದ ಮುಖಂಡ ಪಕ್ಕದ ಮನೆಯ ಪುಟ್ಟಪ್ಪ. ಅವನಿಗೆ ಕಿವಿ ಮಂದ. ಕಿವಿ ಮಂದ ಇದ್ದವರ ಗುಟ್ಟು ಊರಿಗೆಲ್ಲ ಕೇಳುತ್ತದೆ. ಬೇಲಿಯ ಬಳಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, ಅವನು ಪಿಸುಗುಟ್ಟಿದರೆ ಕೆರೆ ಏರಿಯ ಮೇಲಿನ ಬೆಳ್ಳಕ್ಕಿ ಹಾರುತ್ತಿತ್ತು.

"ದುಗ್ಗಕ್ಕಾ, ಯಾರಿಗೂ ಹೇಳಾಕಿಲ್ಲ. ಎಲ್ಲಿ ಸಿಗ್ತದೆ? ನಂಗೂ ಒಂದು ಸೀಸೆ!"

"ನಿನ್ನ ತಲೆ! ನಾನು ಕುಡಿಯೋದು ಬೆಲ್ಲದ ಕಾಫಿ ಕಣೋ!"

"ಹ್ಞಾ, ಹ್ಞಾ, ನಾಳೆಗಾದ್ರೂ ಅಡ್ಡಿಲ್ಲ," ಎಂದು ಪುಟ್ಟಪ್ಪ ಕಣ್ಣು ಹೊಡೆದು ಹೋಗುತ್ತಿದ್ದ.

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತು, ಮಗ ಜಯಪ್ಪ ಮದುವೆಯ ವಯಸ್ಸಿಗೆ ಬರದೇ ಇದ್ದಿದ್ದರೆ. ಜಟ್ಟಪ್ಪನವರು ದೀವರ ಜನ; ದೀವರ ಮನೆಗಳಲ್ಲಿ ಹೆಣ್ಣಿನ ಕಡೆಯವರ ತಲೆ ಯಾವತ್ತೂ ಒಂದು ಗೇಣು ಎತ್ತರ. ತೆರ ಕೊಟ್ಟು ಹೆಣ್ಣು ತರಬೇಕಾದವರು ಗಂಡಿನವರು; ಹೆಣ್ಣು ಕೊಡುವವರು ಬಂದು ಮನೆ ನೋಡುತ್ತಾರೆ, ಕೊಟ್ಟಿಗೆ ನೋಡುತ್ತಾರೆ, ಬಾವಿಯಲ್ಲಿ ಹಣಕಿ ನೀರು ನೋಡುತ್ತಾರೆ. ಎಲ್ಲಕ್ಕಿಂತ ಮೊದಲು ಅತ್ತೆಯಾಗುವವಳ ಮುಖ ನೋಡುತ್ತಾರೆ. ಹೊಸನಗರದ ಕಡೆಯಿಂದ ಬಂದವರು ದುಗ್ಗಮ್ಮನ ಮುಖ ನೋಡಿ, ಕೊಟ್ಟ ಪಾನಕ ಅರ್ಧಕ್ಕೇ ಬಿಟ್ಟು ಎದ್ದರು. "ಆ ಅತ್ತೆ ಮುಖದ ಮೇಲೆ ರೊಟ್ಟಿ ಸುಡಬೋದು," ಎಂದು ದಾರಿಯಲ್ಲಿ ಆಡಿಕೊಂಡರಂತೆ. ಅವರ ಹಿಂದೆ ಬಂದ ಇನ್ನೊಂದು ಮನೆಯವರು ಏನೂ ಆಡಿಕೊಳ್ಳಲಿಲ್ಲ. ಮೂಗು ಮುಂದೆ ಮಾಡಿ ಅವಳ ಉಸಿರಿನ ವಾಸನೆ ಹಿಡಿಯಲು ನೋಡಿದರು, ಅಷ್ಟೆ. ಅವರೂ ತಿರುಗಿ ಬರಲಿಲ್ಲ.

ಜಯಪ್ಪ ಪಾಪ, ಬಾಯಿಲ್ಲದ ಹುಡುಗ. ಆದರೆ ಲಿಂಗನಮಕ್ಕಿಯ ಕಟ್ಟೆಯಲ್ಲಿ ನೀರು ನಿಂತ ಮರುವರ್ಷ, ದೀಪಾವಳಿ ಕಳೆದ ಮೇಲೆ, ಅಮ್ಮನ ಹರಕೆಯ ತೆಂಗಿನಕಾಯಿ ಒಡೆಸಲು ಕೆಳದಿಯ ರಾಮೇಶ್ವರನ ಗುಡಿಗೆ ಹೋದವನು, ಕಾಯಿಯನ್ನು ಹಾಗೇ ಚೀಲದಲ್ಲಿ ವಾಪಸು ತಂದ.

"ದೇವರನ್ನ ನೋಡ್ಲಿಲ್ವೇನೋ?" ಎಂದಳು ದುಗ್ಗಮ್ಮ.

"ನೋಡ್ದೆ," ಎಂದು ಜಯಪ್ಪ ನೆಲ ನೋಡಿದ.

ಜಟ್ಟಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಯಾವ ದೇವ್ರು? ಲಂಗ ದಾವಣಿ ಹಾಕ್ಕಂಡಿತ್ತಾ?" ಎಂದ.

ಹಾಕಿಕೊಂಡಿತ್ತು. ಹೆಸರು ಜಲಜ. ಕೆಳದಿಯ ಪಕ್ಕದ ಹಳ್ಳಿಯ ಹುಡುಗಿ. ತಾಯಿಯಿಲ್ಲ, ಅಜ್ಜಿ ಕೆರಿಯಮ್ಮ ಸಾಕಿದ್ದು. ಇಷ್ಟನ್ನು ಬಿಡಿಸಿ ತಂದವಳು ದುಗ್ಗಮ್ಮನ ಗೆಳತಿ, ಎದುರು ಮನೆಯ ತುಂಗಮ್ಮ. ಆ ಅಜ್ಜಿ ಗೋಡೆಯ ಮೇಲೆ ಚಿತ್ತಾರ ಬರೆಯುವುದರಲ್ಲಿ ಸುತ್ತ ಹತ್ತೂರಿಗೆ ದೊಡ್ಡ ಹೆಸರಂತೆ. ಮಾಘದಲ್ಲಿ ಮನೆ ನೋಡಲು ಬರುತ್ತಾರಂತೆ. ಅಜ್ಜಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಮುಗಿಯಿತು.

ದುಗ್ಗಮ್ಮ ಆ ರಾತ್ರಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತ, "ನನ್ನ ಮುಖದ ದೆಸೆಯಿಂದ ನನ್ನ ಮಗನಿಗೆ ಹೆಣ್ಣಿಲ್ಲದ ಹಾಗೆ ಮಾಡಬೇಡಪ್ಪ ರಾಮೇಶ್ವರ. ಕಾಯಿ ಬಾಕಿ ಇರೋದು ನಂಗೆ ಗೊತ್ತು, ಎರಡು ಒಡೆಸ್ತೀನಿ," ಎಂದಳು.

ದೇವರಿಗೆ ಹೇಳಿದ್ದಾಯಿತು, ಇನ್ನು ಸೊಪ್ಪಿನ ಸರದಿ. ತುಂಗಮ್ಮನಿಗೆ ಗೊತ್ತಿಲ್ಲದ ಮದ್ದಿಲ್ಲ, ಅವಳ ಮದ್ದಿಗೆ ಗೊತ್ತಿಲ್ಲದ ರೋಗ ಬೇಕಾದಷ್ಟು. ಮೊದಲು ಬೇವು ಅರೆದು ಹಚ್ಚಿದಳು: ಮುಖ ಹಸಿರಾಗಿ ಉರಿಯಿತು. ದೊಡ್ಡಪತ್ರೆ ಹಿಂಡಿದಳು: ಉರಿದದ್ದಲ್ಲದೆ ಮೂಗಿನಲ್ಲಿ ಸೀನು. "ಕೆಂಪಿಗೆ ಕೆಂಪೇ ಮದ್ದು ಕಣೇ ದುಗ್ಗಿ," ಎಂದು ರಕ್ತಚಂದನ ತೇದು ಬಳಿದಳು. ಆವತ್ತು ಜಟ್ಟಪ್ಪ ಗದ್ದೆಯಿಂದ ಬಂದವನು ಬಾಗಿಲಲ್ಲೇ ಕೈಮುಗಿದು ನಿಂತ.

"ಯಾಕೆ?" ಎಂದಳು ದುಗ್ಗಮ್ಮ.

"ಊರ ಮಾರಿ ಮನೆಗೆ ಬಂದದ್ದು ಗೊತ್ತಿರ್ಲಿಲ್ಲ ತಾಯಿ."

ಕೊನೆಗೆ ತಂಪಿಗೆಂದು ಒಂದೆಲಗ ಅರೆದು ಮುಖದ ತುಂಬ ಮೆತ್ತಿಕೊಂಡು, ಹಾಗೇ ಕೊಟ್ಟಿಗೆಗೆ ಹಾಲು ಕರೆಯಲು ಹೋದಳು. ಬಗ್ಗಿದ್ದೇ ತಡ, ಕರು ಬಂದು ಹಣೆಯಿಂದ ಗಲ್ಲದವರೆಗೆ ನೆಕ್ಕಿಬಿಟ್ಟಿತು. ಕರುವಿನ ನಾಲಿಗೆ ಎಂದರೆ ಗೊತ್ತಲ್ಲ, ಕಬ್ಬಿಣ ಉಜ್ಜುವ ಅರ. ಮುಖ ಮೊದಲಿಗಿಂತ ಎರಡರಷ್ಟು ಕೆಂಪಾಯಿತು. ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದೆ ಎನ್ನುವುದು ಮಾತ್ರ ಸುಳ್ಳಲ್ಲ: ಮಾರನೆಯ ದಿನದಿಂದ ಆ ಕರು ಹಗ್ಗ ಬಿಚ್ಚಿಕೊಳ್ಳುವುದನ್ನು ಕಲಿಯಿತು.

ಜಟ್ಟಪ್ಪ ಇದನ್ನೆಲ್ಲ ನೋಡಿ ನಕ್ಕು ನಕ್ಕು, ಒಂದು ದಿನ ನಗು ನಿಲ್ಲಿಸಿದ. ಹೆಂಡತಿ ಬಚ್ಚಲ ಮನೆಯ ಹಂಡೆಯ ನೀರಿನಲ್ಲಿ ತನ್ನ ಮುಖ ನೋಡಿಕೊಂಡು ಅಳುತ್ತಿದ್ದಳು. ಅಳುವಾಗಲೂ ಅವಳು ಸಿಟ್ಟಾದವಳಂತೆಯೇ ಕಾಣುತ್ತಿದ್ದಳು. "ನಾಳೆ ಬೆಳಗ್ಗೆ ಹೊರಡು," ಎಂದ. ಇಬ್ಬರೂ ಹೊಸನಗರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ತೀರ್ಥಹಳ್ಳಿಯಲ್ಲಿ ಇಳಿದು, ತುಂಗೆಯ ದಂಡೆ ಹಿಡಿದು ನಡೆದು, ಮದ್ದು ಕೊಡುವ ಮಂಜಯ್ಯನ ಮನೆ ಸೇರಿದರು.

ಮಂಜಯ್ಯ ಮುದುಕರು. ತುಳಸಿಗೆ ನೀರೆರೆದು ಮುಗಿಯುವ ತನಕ ಯಾರ ಮುಖವನ್ನೂ ನೋಡುವವರಲ್ಲ. ನೋಡಿದ ಮೇಲೆ ಮಾತ್ರ ಬೇಗ ಬಿಡುವವರಲ್ಲ.

"ಇದುವರೆಗೆ ಎಂತೆಂತ ಹಚ್ಚಿದ್ದಿ?"

ದುಗ್ಗಮ್ಮ ಹೇಳಿದಳು. ಹೇಳುತ್ತಾ ಹೋದಳು.

"ನಿಮ್ಮೂರಲ್ಲಿ ದನಕ್ಕೆ ಅಂತ ಸೊಪ್ಪು ಏನಾದ್ರೂ ಉಳಿದಿದ್ಯಾ?" ಎಂದರು ಮಂಜಯ್ಯ. "ಇರ್ಲಿ. ಬೆಳಗ್ಗೆ ಎದ್ದು ಎಂತ ಕುಡೀತಿ?"

"ಬೆಲ್ಲದ ಕಾಫಿ. ಕೊತಕೊತ ಕುದೀತಿರ್ಬೇಕು, ಇಲ್ದಿದ್ರೆ ನಂಗೆ ಗಂಟಲಲ್ಲಿ ಇಳಿಯಾಕಿಲ್ಲ."

"ಊಟಕ್ಕೆ?"

"ರೊಟ್ಟಿ, ಸೂಜಿಮೆಣಸಿನ ಚಟ್ನಿ."

"ರೊಟ್ಟಿ ಸುಡುವಾಗ ಮುಖ ಎಲ್ಲಿರ್ತದೆ?"

ದುಗ್ಗಮ್ಮ ಯೋಚಿಸಿದಳು. ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ. "ಒಲೆ ಊದ್ಬೇಕಲ್ಲ... ಒಲೆ ಬಾಯಾಗೇ ಇರ್ತದೆ."

"ಹಾಗಾದ್ರೆ ರೊಟ್ಟಿ ಜೊತೆ ನೀನೂ ಬೇಯ್ತಿದ್ದಿ. ಒಳಗೆ ಮೆಣಸು, ಹೊರಗೆ ಕೆಂಡ, ಮೇಲಿಂದ ಬೇವು. ಮುಖ ಪಾಪ ಎಂತ ಮಾಡ್ತದೆ?" ಮಂಜಯ್ಯ ಅವಳ ಕೆನ್ನೆಯನ್ನು ಬೆರಳ ತುದಿಯಿಂದ ಒಮ್ಮೆ ಒತ್ತಿ ಬಿಟ್ಟರು. "ಇದು ಯಾರ ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ. ಚರ್ಮದ ಸ್ವಭಾವ. ಪೂರ್ತಿ ಹೋಗ್ತದೆ ಅಂತ ನಾನು ಹೇಳಲ್ಲ, ಹೇಳಿದ್ರೆ ಸುಳ್ಳಾಗ್ತದೆ. ಉರಿ ಇಳಿಸ್ಬಹುದು. ಕಾಫಿ ಆರಿಸಿ ಕುಡಿ. ಸೂಜಿಮೆಣಸಿಗೆ ಕೈಮುಗಿ. ಒಲೆ ಊದೋದು ಕೊಳವೆಯಲ್ಲಿ, ದೂರ ಕೂತು. ಬಿಸಿಲಿಗೆ ಹೋಗುವಾಗ ತಲೆ ಮೇಲೆ ಸೆರಗು. ಇನ್ಮೇಲೆ ಮುಖಕ್ಕೆ ಕಂಡಕಂಡ ಸೊಪ್ಪು ಹಾಕ್ಬೇಡ. ಮಂದಿ ಮಾತಿಗಂತೂ ಮೊದಲೇ ಸೊಪ್ಪು ಹಾಕ್ಬೇಡ."

ಆಮೇಲೆ ಹಿತ್ತಲಿಗೆ ಹೋಗಿ, ಸಾಲಿನಲ್ಲಿ ಒಂದು ಲಾವಂಚದ ಹಿಂಡನ್ನು ಕಿತ್ತು ತಂದರು. ಮಣ್ಣು ಝಾಡಿಸಿದ ಬೇರಿನಿಂದ ಮಳೆ ಬಿದ್ದ ನೆಲದ ವಾಸನೆ ಬಂತು. ಆ ಬೇರು, ಸೊಗದೇ ಬೇರು, ಗಂಧ ಮೂರನ್ನೂ ನಯವಾಗಿ ತೇದು ಬಿಳಿ ಜೇಡಿಮಣ್ಣಿನಲ್ಲಿ ಕಲಸಿ ಉಂಡೆ ಕಟ್ಟಿಕೊಟ್ಟರು. ಅಕ್ಕಿ ತೊಳೆದ ನೀರಲ್ಲಿ ಕದಡಿ ತೆಳ್ಳಗೆ ಹಚ್ಚಿ, ಒಣಗುತ್ತಲೇ ತಣ್ಣೀರಲ್ಲಿ ತೊಳೆಯಬೇಕು. ಕುಡಿಯಲು ನೆಲಬೇವಿನ ಕಡ್ಡಿ. ಕಷಾಯ ಮಾಡಿ, ಆರಿಸಿ, ಸೀಸೆಯಲ್ಲಿಟ್ಟುಕೊಂಡು ದಿನಾ ಬೆಳಗ್ಗೆ ಒಂದು ಗುಟುಕು. ಬೇರು ಕತ್ತರಿಸಿ ಉಳಿದ ಲಾವಂಚದ ಬುಡವನ್ನು ಒದ್ದೆ ಅಡಿಕೆ ಹಾಳೆಯಲ್ಲಿ ಸುತ್ತಿ ಅವಳ ಕೈಗಿಟ್ಟರು.

"ಇದನ್ನ ಬಚ್ಚಲ ನೀರು ಹೋಗುವಲ್ಲಿ ನೆಡು. ಮದ್ದಿಗೆ ನಾನು ಕಾಣಿಕೆ ಮುಟ್ಟೋದಿಲ್ಲ. ಆದ್ರೆ ಬೇರು ಕೊಂಡುಹೋದವರು ಬುಡ ತಂದು ಕೊಡ್ಬೇಕು, ನಮ್ಮಪ್ಪನ ಕಾಲದಿಂದ ಹಾಗೇ. ಈಗ ಕಿತ್ತ ಕುಳಿ ನೀನು ಬರುವ ತನಕ ಖಾಲಿ ಇರ್ತದೆ. ಮಳೆ ಹಿಡಿದ ಮೇಲೆ ಬಾ. ಒಂದೇ ಕಟ್ಟಳೆ: ಕೊಡುವಾಗ ಮಾತಾಡ್ಬಾರ್ದು. ಮಾತಾಡಿ ಕೊಟ್ಟರೆ ಬುಡ ಬೇರು ಹಿಡಿಯಲ್ಲ."

ಜಟ್ಟಪ್ಪ ಗಾಬರಿಯಾದ. "ಮಂಜಯ್ಯನೋರೇ, ಬೇರೆ ಎಂತಾದ್ರೂ ಕೇಳಿ. ಇವಳು ಮಾತಾಡ್ದೆ ಇರೋದು ಅಂದ್ರೆ ಈ ತುಂಗಾ ಹೊಳೆ ಹರೀದೆ ನಿಂತ್ಕಂಡಂಗೆ."

"ನಿಂತ್ರೆ ದಾಟೋರಿಗೆ ಅನುಕೂಲ," ಎಂದು ಮಂಜಯ್ಯ ಎದ್ದರು.

ಊರಿಗೆ ಬಂದ ದುಗ್ಗಮ್ಮ ಹೇಳಿದ್ದನ್ನೆಲ್ಲ ಮಾಡಿದಳು. ಆರಿದ ಕಾಫಿ ಕುಡಿಯುವಾಗ ಅದು ದನದ ಕಲಗಚ್ಚು ಎಂದಳು, ಆದರೂ ಕುಡಿದಳು. ಲಾವಂಚ ಬಚ್ಚಲ ಬುಡದಲ್ಲಿ ಚಿಗುರಿತು. ಮುಖದ ಉರಿ ದಿನದಿನಕ್ಕೆ ತಣ್ಣಗಾಗಿ, ಗುಳ್ಳೆ ಅಡಗಿ, ಕೆಂಪು ಅರ್ಧಕ್ಕರ್ಧ ಇಳಿಯಿತು. ಪುಟ್ಟಪ್ಪನ ಅನುಮಾನ ಮಾತ್ರ ಇಮ್ಮಡಿಯಾಯಿತು. ದಿನಾ ಬೆಳಗ್ಗೆ ಅವಳು ಹಿತ್ತಲಲ್ಲಿ ನಿಂತು ಸೀಸೆ ಎತ್ತಿ, ಕಣ್ಣು ಮುಚ್ಚಿ, ಒಂದು ಗುಟುಕು ಏರಿಸಿ, ಮೈ ಕೊಡವಿ, "ಶಿವನೇ" ಎನ್ನುವುದನ್ನು ಅವನು ಬೇಲಿ ಸಂದಿಯಲ್ಲಿ ಕಣ್ಣಾರೆ ಕಂಡಿದ್ದ.

ಹೀಗೆ ಮಾಘ ಬಂತು, ಮಂಜಿನ ಆ ಬೆಳಗೂ ಬಂತು. ಕೆಳದಿಯವರು ಬರುವುದು ಮಧ್ಯಾಹ್ನದ ಬಸ್ಸಿಗೆ ಎಂದು ಮಾತಾಗಿತ್ತು. ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಿದ ದುಗ್ಗಮ್ಮನ ಮುಖ ಬೆಳಗ್ಗೆ ಮತ್ತೆ ಹತ್ತಿಕೊಂಡಿತ್ತು. ಗಾಬರಿಗೂ ಅದಕ್ಕೂ ಹಳೆಯ ಸ್ನೇಹ.

ಬರುವವಳು ಚಿತ್ತಾರದ ಅಜ್ಜಿ. ಆದ್ದರಿಂದ ಗೋಡೆಯೂ ಸಿದ್ಧವಾಗಬೇಕು. ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದು, ಮೇಲೆ ಬಿಳಿ ಎಳೆಗಳಲ್ಲಿ ಚಿತ್ತಾರ ಬಹುಪಾಲು ಮುಗಿದಿತ್ತು. ಅಂಚಿನ ಸಾಲು ಮಾತ್ರ ಬಾಕಿ. ದುಗ್ಗಮ್ಮ ಅಕ್ಕಿ ನುಣ್ಣಗೆ ಅರೆದು, ಗೋಡೆಗೆ ಗಟ್ಟಿ ಹಿಡಿಯಲೆಂದು ಗಂಜಿ ತಿಳಿ ಬೆರೆಸಿ, ಕರಟದಲ್ಲಿಟ್ಟಳು. ಇನ್ನೊಂದು ಕರಟದಲ್ಲಿ ಮಂಜಯ್ಯನ ಉಂಡೆ ಕದಡಿಟ್ಟಳು. ಎರಡೂ ಬಿಳಿ. ಅಕ್ಕಿಯದು ಒಲೆಕಟ್ಟೆಯ ಎಡಕ್ಕೆ, ಮದ್ದಿನದು ಬಲಕ್ಕೆ. ಅಷ್ಟರಲ್ಲಿ ಜಟ್ಟಪ್ಪ ಕೆಂಡ ತೆಗೆದುಕೊಳ್ಳಲು ಬಂದವನು ದಾರಿಗೆ ಅಡ್ಡ ಎಂದು ಎರಡನ್ನೂ ಎತ್ತಿ, ಬೀಡಿ ಹಚ್ಚಿಕೊಂಡು, ಮತ್ತೆ ಇಟ್ಟ. ಇಡುವಾಗ ಎಡ ಬಲವಾಯಿತು, ಬಲ ಎಡವಾಯಿತು.

"ತುಂಗೀ, ಆ ಎಡಗಡೆ ಕರಟ ತಗಂಡೋಗಿ ಅಂಚು ಮುಗ್ಸಿಬಿಡೇ. ನಾನು ಮದ್ದು ಹಚ್ಕಂಡು, ತೊಳ್ಕಂಡು ಬರ್ತೀನಿ."

ತುಂಗಮ್ಮ ಪುಂಡಿನಾರಿನ ಕುಂಚ ಅದ್ದಿ ಅದ್ದಿ ಗೋಡೆಗೆ ಎಳೆ ಎಳೆದಳು. ದುಗ್ಗಮ್ಮ ಅರೆಗತ್ತಲ ಅಡಿಗೆಮನೆಯಲ್ಲಿ ಮುಖದ ತುಂಬ ಬಳಿದುಕೊಂಡು ಒಲೆಯಿಂದ ದೂರ ಕೂತಳು. ವಾಸನೆ ಯಾಕೋ ಬರಲಿಲ್ಲ. ಚಳಿಗೆ ಮೂಗು ಕಟ್ಟಿರಬೇಕೆಂದುಕೊಂಡಳು. ಸ್ವಲ್ಪ ಹೊತ್ತಿಗೆ ಕೆನ್ನೆ ಬಿಗಿಯಿತು, ಗಲ್ಲ ಬಿಗಿಯಿತು. ಗಂಜಿ ಹಾಕಿದ ಪಂಚೆಯ ಹಾಗೆ ಮುಖವೆಲ್ಲ ಗಡಸಾಗಿ, ತುಟಿ ಅಲ್ಲಾಡಿಸಲು ಹೋದರೆ ಕಿವಿಯ ತನಕ ಜಗ್ಗಿತು. ಸರಿ, ತೊಳೆಯೋಣವೆಂದು ಹಿಂದಿನ ಬಾಗಿಲು ತೆಗೆದಳು.

ಬಾಗಿಲಾಚೆ, ಮಂಜಿನೊಳಗಿಂದ ಒಬ್ಬ ಮುದುಕಿ ಕೋಲೂರಿಕೊಂಡು ಎದ್ದು ಬಂದಳು.

ಕೆಳದಿಯ ಕೆರಿಯಮ್ಮ! ಸಾಗರದಿಂದ ಅಕ್ಕಿ ಮೂಟೆಯ ಲಾರಿ ಸಿಕ್ಕಿತೆಂದು ಬೆಳಗ್ಗೆಯೇ ಹತ್ತಿ ಬಂದಿದ್ದರು. ಅಜ್ಜಿಯ ಮಗ, ಹುಡುಗಿಯ ಅಪ್ಪ, ಎದುರು ಬಾಗಿಲಿಗೆ ಹೋಗಿದ್ದ. ಅಜ್ಜಿ ಹಿತ್ತಲಿಗೆ ಬಂದಿದ್ದಳು. ಹೆಣ್ಣು ಕೊಡುವ ಮನೆಯನ್ನು ಹಿಂದಿನ ಬಾಗಿಲಿಂದ ನೋಡಬೇಕು ಎನ್ನುವುದು ಅವಳ ಪದ್ಧತಿ. ಮುಂದಿನ ಬಾಗಿಲನ್ನು ಎಲ್ಲರೂ ಗುಡಿಸಿಟ್ಟಿರುತ್ತಾರೆ. ಹಿತ್ತಲಲ್ಲಿ ಅವಳಿಗೆ ಕಂಡದ್ದು ಸುಣ್ಣದ ಬೊಂಬೆಯಂತೆ ಬೆಳ್ಳಗೆ ನಿಂತು, ಕಣ್ಣು ಮಾತ್ರ ಪಿಳಿಪಿಳಿ ಬಿಡುವ ಒಂದು ಹೆಂಗಸು.

"ನೀನೇನಾ ದುಗ್ಗಮ್ಮ?"

"ಉಂ," ಎಂದಿತು ಬೊಂಬೆ.

ಕಂಡಾದ ಮೇಲೆ ಓಡಿಹೋಗಿ ತೊಳೆಯುವುದು ಹೇಗೆ? ಬಂದವರಿಗೆ ಕಾಲಿಗೆ ನೀರು ಕೊಡದೆ ತನ್ನ ಮುಖಕ್ಕೆ ನೀರು ಹಾಕಿಕೊಳ್ಳುವುದುಂಟೇ? ದುಗ್ಗಮ್ಮ ತಂಬಿಗೆ ಕೊಟ್ಟು, ಕೈಸನ್ನೆಯಲ್ಲೇ ಜಗಲಿಗೆ ಕರೆದು, ಕೆಂಪು ಗೋಡೆಗೆ ಒರಗಿ ನಿಂತಳು. ಚಾಪೆಯ ಮೇಲೆ ಹುಡುಗಿಯ ಅಪ್ಪ ಕೂತಿದ್ದ. ಜಯಪ್ಪ ಕಂಬದ ಹಿಂದೆ ಕಂಬಕ್ಕಿಂತ ನೆಟ್ಟಗೆ ನಿಂತಿದ್ದ. ತುಂಗಮ್ಮ ಗೆಳತಿಯ ಮುಖ ನೋಡಿ ಕುಂಚವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ಪ್ರಯಾಣ ಸುಖವಾಯ್ತಾ ಅಂತ ಕೇಳೋರೂ ಇಲ್ವಲ್ಲ," ಎಂದಳು ಕೆರಿಯಮ್ಮ, ದುಗ್ಗಮ್ಮನನ್ನೇ ನೋಡುತ್ತ. "ಈ ಮನೇಲಿ ಹೆಂಗಸರು ಮಾತಾಡಾಕಿಲ್ವೋ, ನಾವು ಬಂದದ್ದು ಸೇರ್ಲಿಲ್ವೋ?"

ಎಂದೂ ಮುಚ್ಚದ ಬಾಯಿ, ಬೇಕಾದ ಹೊತ್ತಿಗೆ ಮುಚ್ಚಿಕೊಂಡಿತ್ತು. ದುಗ್ಗಮ್ಮ ಗಂಡನ ಕಡೆ ಕಣ್ಣು ಬಿಟ್ಟಳು.

"ಇವತ್ತು ಅವಳಿಗೆ ಮೌನ," ಎಂದ ಜಟ್ಟಪ್ಪ ಗಂಭೀರವಾಗಿ. "ವ್ರತ."

"ಯಾವ ವ್ರತ?"

"ಅದು... ಮಾತಾಡ್ದೆ ಇರೋ ವ್ರತ."

ಹುಡುಗಿಯ ಅಪ್ಪ ಚಾಪೆಯ ಅಂಚನ್ನು ಮಡಚಲು ಶುರುಮಾಡಿದ. ಏಳುವವರು ಮೊದಲು ಮಾಡುವ ಕೆಲಸ ಅದು. ಹಿಂದೆ ಎರಡು ಸಲ ಕಂಡ ದುಗ್ಗಮ್ಮನಿಗೆ ಚೆನ್ನಾಗಿ ಗೊತ್ತು. ಕಂಬದ ಹಿಂದೆ ಜಯಪ್ಪನ ಉಸಿರು ಕೇಳಿಸಿತು. ರಾಮೇಶ್ವರ, ಎರಡಲ್ಲ ಐದು ಕಾಯಿ, ಎಂದುಕೊಂಡಳು ಅವಳು.

ಆ ಹೊತ್ತಿಗೆ ಸರಿಯಾಗಿ ಮಂಜಿನೊಳಗಿಂದ ದಣಪೆ ದಾಟಿ ಬಂದವನು ಪುಟ್ಟಪ್ಪ. ಅವನಿಗೆ ಜಗಲಿಯ ಮೇಲೆ ಯಾರಿದ್ದಾರೆಂದು ಕಾಣಲಿಲ್ಲ. ಬಾಗಿಲ ಬಳಿ ಬಿಳಿ ಮುಖವೊಂದು ಕಂಡಿತು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ:

"ದುಗ್ಗಕ್ಕಾ! ಚಳಿ ತಡೆಯಾಕಾಗಾಕಿಲ್ಲ! ಆ ನಿನ್ನ ಸೀಸೆದು ಒಂದು ಗುಟುಕು ಕೊಟ್ಟುಬಿಡು! ದಿನಾ ಬೆಳಗ್ಗೆ ನೀನೊಬ್ಬಳೇ ಕುಡೀತಿ, ನಾನು ನೋಡೀನಿ!"

ಕೊಟ್ಟಿಗೆಯಲ್ಲಿ ಎತ್ತು ಬೆಚ್ಚಿತು. ಹುಡುಗಿಯ ಅಪ್ಪ ಎದ್ದೇಬಿಟ್ಟ. "ಓಹೋ, ವ್ರತ ಇದಾ! ನಡಿಯವ್ವ."

ಕೆರಿಯಮ್ಮ ಏಳಲಿಲ್ಲ. "ಕೂತ್ಕೋ. ಅವಳೆಂತ ಮಾಡ್ತಾಳೆ ನೋಡಾಣ," ಎಂದಳು.

ದುಗ್ಗಮ್ಮನ ಹತ್ತಿರ ಮಾತಿರಲಿಲ್ಲ, ಇದ್ದದ್ದು ಸೀಸೆ. ಧಡಧಡ ಒಳಗೆ ಹೋದಳು, ಸೀಸೆ ತಂದಳು, ಎಲ್ಲರ ಎದುರಿಗೇ ಪುಟ್ಟಪ್ಪನ ಕೈಗೆ ಕೊಟ್ಟು, ಕುಡಿ ಎಂದು ಸನ್ನೆ ಮಾಡಿದಳು. ಪುಟ್ಟಪ್ಪನಿಗೆ ಸ್ವರ್ಗವೇ ಕೈಗೆ ಬಂದಂತಾಯಿತು. ಕೊಡುವವಳು ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂದು, ಒಂದು ಗುಟುಕಲ್ಲ, ಗಟಗಟನೆ ಅರ್ಧ ಸೀಸೆ ಏರಿಸಿದ.

ನೆಲಬೇವಿನ ಕಷಾಯ ನಾಲಿಗೆಗೆ ತಡವಾಗಿ ಹೇಳುತ್ತದೆ, ಆದರೆ ಪೂರ್ತಿ ಹೇಳುತ್ತದೆ. ಪುಟ್ಟಪ್ಪ ಮೊದಲು ನಕ್ಕ. ನಗು ಅರ್ಧಕ್ಕೆ ನಿಂತಿತು. ಒಂದು ಕಣ್ಣು ಮುಚ್ಚಿತು. ಇನ್ನೊಂದು ಹಣೆಗೆ ಏರಿತು. ಬಾಯಿ ಕಿವಿಯ ಕಡೆ ಹೊರಟು ದಾರಿ ತಪ್ಪಿತು. ಕಾಲು ಎತ್ತಿ ಎತ್ತಿ ತುಳಸಿಕಟ್ಟೆಗೆ ಒಂದು ಸುತ್ತು ಬಂದು, "ಅಯ್ಯಯ್ಯಪ್ಪಾ! ಇದು ಹೆಂಡ ಅಲ್ಲ, ಯಮನ ಮನೆ ಕಷಾಯ! ಇದನ್ನ ದಿನಾ ಕುಡೀತೀಯಾ? ದುಗ್ಗಕ್ಕಾ, ನೀನು ಮನುಷ್ಯಳಲ್ಲ, ದೇವ್ರು!" ಎಂದು ಅಂಗಳದಲ್ಲೇ ಉದ್ದಂಡ ನಮಸ್ಕಾರ ಹಾಕಿದ.

ಮೊದಲು ನಕ್ಕವನು, ಕಂಬದ ಹಿಂದಿನ ಜಯಪ್ಪ. ಆಮೇಲೆ ಜಟ್ಟಪ್ಪ. ದುಗ್ಗಮ್ಮ ತಡೆದಳು, ತುಟಿ ಕಚ್ಚಿದಳು, ಸೆರಗು ಹಿಡಿದಳು. ಹೊಟ್ಟೆಯೊಳಗಿಂದ ಎದ್ದ ನಗು ಅವಳ ಮಾತು ಕೇಳಲಿಲ್ಲ. ಬಾಯಿ ತೆರೆಯಿತು. ಚಟ್ ಎಂದು ಗಲ್ಲದಲ್ಲಿ ಒಂದು ಬಿರುಕು, ಕೆನ್ನೆಯಲ್ಲಿ ಎರಡು, ಮೂಗಿನ ಪಕ್ಕದಲ್ಲಿ ನಾಲ್ಕು. ಒಣಗಿದ ಬಿಳುಪು ಸಿಡಿದು ಉದುರಿ, ಒಳಗಿನ ಕೆಂಪು ಹೊರಗೆ ಬಂತು. ಕಣ್ಣಲ್ಲಿ ನೀರು ಬರುವ ತನಕ ನಕ್ಕು ಅವಳು ಕೈಬಿಟ್ಟು ನಿಂತಾಗ, ಕೆಂಪು ಮುಖದ ಮೇಲೆ ಬಿಳಿಯ ಎಳೆಗಳು ಅಡ್ಡಕ್ಕೂ ಉದ್ದಕ್ಕೂ ಹಾಗೇ ಉಳಿದಿದ್ದವು. ಹಿಂದಿನ ಗೋಡೆ ಯಾವುದು, ಮುಂದಿನ ಮುಖ ಯಾವುದು ಎಂದು ಒಂದು ಗಳಿಗೆ ತಿಳಿಯಲಿಲ್ಲ.

"ಮುಖ ಕೆಂಪೈತಲ್ಲವ್ವ, ಮಂದಿ ಹೇಳಿದಂಗೇ," ಎಂದ ಹುಡುಗಿಯ ಅಪ್ಪ.

ಕೆರಿಯಮ್ಮ ಕೋಲೂರಿ ಎದ್ದು ಹತ್ತಿರ ಬಂದಳು. ದುಗ್ಗಮ್ಮ ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಅಜ್ಜಿ ಬೆರಳಿನಿಂದ ಅವಳ ಕೆನ್ನೆಯ ಒಂದು ಚಕ್ಕೆ ಎಬ್ಬಿಸಿ, ಉಗುರಿನಲ್ಲಿ ಪುಡಿಮಾಡಿ ನೋಡಿದಳು. ಆಮೇಲೆ ತಿರುಗಿ, ಗೋಡೆಯ ಅಂಚಿನ ಹಸಿ ಎಳೆಗೆ ಮೂಗು ತಾಗಿಸಿ ದೀರ್ಘವಾಗಿ ಉಸಿರೆಳೆದಳು.

"ಮುಖದ ಮೇಲಿರೋದು ಅಕ್ಕಿ ಬಣ್ಣ. ಗೋಡೆ ಲಾವಂಚ ಗಂಧದ ವಾಸ್ನೆ ಹೊಡೀತೈತೆ," ಎಂದಳು. "ಯಾವಳೇ ಅದು, ಗೋಡೆಗೆ ಮದ್ದು ಮಾಡಿದೋಳು?"

ತುಂಗಮ್ಮನ ಸೆರಗಿನಿಂದ ಕುಂಚ ಜಾರಿ ಬಿತ್ತು.

"ಅಜ್ಜೀ, ನಾನು ಹೇಳಿಬಿಡ್ತೀನಿ," ಎಂದಳು ದುಗ್ಗಮ್ಮ, ಬಾಯಿ ಬಂದದ್ದೇ ತಡ. "ಈ ಮುಖ ಹಿಂಗೇ. ಸಿಟ್ಟಲ್ಲ, ಕುಡಿತ ಅಲ್ಲ, ಚರ್ಮದ ಸ್ವಭಾವ ಅಂತೆ. ಪೂರ್ತಿ ಹೋಗಾಕಿಲ್ಲ ಅಂತ ಮದ್ದು ಕೊಟ್ಟೋರೇ ಹೇಳ್ಯಾರೆ. ನೀವು ಬರೋ ಒಂದು ದಿನಕ್ಕಾದ್ರೂ ಬೆಳ್ಳಗೆ ಕಾಣಾಣ ಅಂತ ಹೋಗಿ ಹಿಂಗಾತು. ಹುಡುಗ ಒಳ್ಳೇನು. ನನ್ನ ಮುಖ ನೋಡಿ ಅವನಿಗೆ ಬ್ಯಾಡ ಅನ್ಬೇಡಿ."

"ಒಳ್ಳೇದಾತು ಬಿಡು ಮಾತು ಬಂತಲ್ಲ," ಎಂದಳು ಕೆರಿಯಮ್ಮ. ಮಗನ ಕಡೆ ತಿರುಗಿದಳು. "ಅರವತ್ತು ವರ್ಷದಿಂದ ಚಿತ್ತಾರ ಬರ್ದೋಳು ನಾನು. ಬಿಳಿ ಗೋಡೆ ಮೇಲೆ ಬಿಳಿ ಎಳೆ ಎಳೆದೋರನ್ನ ಎಲ್ಲಾದ್ರೂ ಕಂಡೀಯೇನೋ? ಗೋಡೆ ಕೆಂಪಾಗಿದ್ರೆ ತಾನೇ ಎಳೆ ಕಾಣೋದು. ಹೊಟ್ಟೆ ಹಿಡ್ಕಂಡು ಹಿಂಗೆ ನಗೋಳಿಗೆ ಸಿಟ್ಟು ಮಾಡ್ಕಳಾಕೆ ಪುರಸೊತ್ತಾದ್ರೂ ಎಲ್ಲೈತೆ? ಆ ಚಾಪೆ ಸರಿಯಾಗಿ ಹಾಸು. ಎಲೆ ಅಡಿಕೆ ತಗಂಬರ್ಲಿ."

ದುಗ್ಗಮ್ಮ ಎಲೆ ಅಡಿಕೆ ತಟ್ಟೆ ತರಲು ಒಳಗೆ ಓಡಿದಳು. ಓಡುವಾಗ ಕಣ್ಣೊರೆಸಿಕೊಂಡಳೋ, ಮುಖ ತೊಳೆದುಕೊಂಡಳೋ, ಹೊರಗೆ ಬಂದಾಗ ಮುಖ ಮಾತ್ರ ದಾಸವಾಳದಷ್ಟು ಕೆಂಪಾಗಿತ್ತು. ಕೆರಿಯಮ್ಮ ತಟ್ಟೆಯಿಂದ ಎಲೆ ಎತ್ತಿಕೊಂಡಳು. ಅಂಗಳದಲ್ಲಿ ಪುಟ್ಟಪ್ಪ ನಾಲಿಗೆಗೆ ಬೆಲ್ಲ ಉಜ್ಜಿಕೊಳ್ಳುತ್ತಿದ್ದ.

ವೈಶಾಖದಲ್ಲಿ ಮದುವೆಯಾಯಿತು. ರಾಮೇಶ್ವರನಿಗೆ ಐದು ಕಾಯಿ ಒಡೆದವು. ಮನೆಗೆ ಬಂದ ಜಲಜ ಮೂರನೆಯ ದಿನಕ್ಕೇ ಒಲೆ ಊದುವ ಕೊಳವೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಬಚ್ಚಲ ಬುಡದ ಲಾವಂಚಕ್ಕೆ ದಿನಾ ಒಂದು ಚೆಂಬು ಹೆಚ್ಚಿಗೆ ನೀರೂ ಹಾಕಿದಳು. ದುಗ್ಗಮ್ಮನ ಮುಖ ಆಗಾಗ ಹತ್ತಿಕೊಳ್ಳುತ್ತಿತ್ತು, ಆಗಾಗ ಆರುತ್ತಿತ್ತು. ಹಂಡೆಯ ನೀರಿನಲ್ಲಿ ಅದನ್ನು ನೋಡಿಕೊಳ್ಳುವುದನ್ನು ಅವಳು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ತೀರ್ಥಹಳ್ಳಿಗೆ ಹೊರಟರು. ಹೊಸನಗರದಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ದುಗ್ಗಮ್ಮ ಮಂಜಯ್ಯನಿಗೆ ಹೇಳಬೇಕಾದದ್ದನ್ನೆಲ್ಲ ಸೊಸೆಗೆ ಹೇಳಿದಳು: ಎರಡು ಕರಟದ ಕತೆ, ಪುಟ್ಟಪ್ಪನ ಕತೆ, ಅಜ್ಜಿ ಗೋಡೆ ಮೂಸಿದ ಕತೆ. ಜಲಜ ಆ ಕತೆಯನ್ನು ಹತ್ತನೆಯ ಸಲವೂ ಹೊಸದೆಂಬಂತೆ ಕೇಳಿ ನಕ್ಕಳು. ತುಂಗೆಯ ದಂಡೆಯಲ್ಲಿ ನಡೆಯುವಾಗ ದುಗ್ಗಮ್ಮನ ಮಾತು ಕಡಿಮೆಯಾಯಿತು. ಮಂಜಯ್ಯನ ಬೇಲಿ ಕಂಡಾಗ ಜಲಜ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಮಂಜಯ್ಯ ತುಳಸಿಗೆ ನೀರೆರೆಯುತ್ತಿದ್ದರು. ಮುಗಿಸಿ ತಿರುಗಿದರು. ಅತ್ತೆಯ ಮುಖ ನೋಡಿದರು, ಪಕ್ಕದಲ್ಲಿದ್ದ ಹೊಸ ಸೊಸೆಯ ಕೊರಳಿನ ಹೊಸ ಕರಿಮಣಿ ನೋಡಿದರು, ಕೈ ಚಾಚಿದರು. ದುಗ್ಗಮ್ಮನ ನಾಲಿಗೆಯ ತುದಿಗೆ ಒಂದು ಊರಿನಷ್ಟು ಮಾತು ಬಂದು ನಿಂತಿತು. ನುಂಗಿಕೊಂಡಳು. ಬಗ್ಗಿ, ಒದ್ದೆ ಹಾಳೆ ಬಿಚ್ಚಿ, ಮಣ್ಣು ಹಿಡಿದಿದ್ದ ಲಾವಂಚದ ಬುಡವನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕೈಗಿಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಸಾಲಿನಲ್ಲಿ ಖಾಲಿಯಿದ್ದ ಕುಳಿಯ ಕಡೆ ನಡೆದರು.